ಹಳೆಯ ಕಾಡತೂಸುಗಳಲ್ಲಿ ಕಿಲುಬು: ಪರವಾನಗಿದಾರರು ಹಾಗೂ ವಾರಸುದಾರರ ತಿಳಿವಳಿಕೆಗಾಗಿ

ಬೆಳೆ ಸಂರಕ್ಷಣೆಗಾಗಿ ಅಥವಾ ಆತ್ಮರಕ್ಷಣೆಗಾಗಿ ಕೋವಿ ಹೊಂದಿರುವ ಮನೆಗಳಲ್ಲಿ ಖರೀದಿಸಿದ ಕಾಡತೂಸುಗಳು (ರೂಢಿಯಲ್ಲಿ ತೋಟೆಗಳು) ವರ್ಷಗಟ್ಟಲೆ ಬಳಕೆಯಾಗದೆ ಉಳಿಯುವುದು ಸಾಮಾನ್ಯ. ಪರವಾನಗಿ ನವೀಕರಣದ ಸಂದರ್ಭದಲ್ಲಿ ಅಥವಾ ಪರವಾನಗಿದಾರರು ನಿಧನರಾದ ನಂತರ ಪೆಟ್ಟಿಗೆಯನ್ನು ತೆರೆದಾಗ, ಹಿತ್ತಾಳೆಯ ಭಾಗವು ಹಸಿರುಗಟ್ಟಿರುವುದು ಕಂಡುಬರುತ್ತದೆ. ಅಂತಹ ಕಾಡತೂಸುಗಳನ್ನು ಉಜ್ಜಿ ತೊಳೆದು ಬಳಸುವುದು, ಇಲ್ಲವೇ ಯಾರಿಗೂ ತಿಳಿಸದೆ ಬಾವಿಗೋ ಬೆಂಕಿಗೋ ಹಾಕುವುದು, ಇವೆರಡೂ ಅಪಾಯಕಾರಿ.

ಕಿಲುಬು ಉಂಟಾಗುವ ಬಗೆ

ಕಾಡತೂಸಿನ ಹಿತ್ತಾಳೆಯಲ್ಲಿ ಸಾಮಾನ್ಯವಾಗಿ ಸುಮಾರು 70 ಭಾಗ ತಾಮ್ರ ಹಾಗೂ 30 ಭಾಗ ಸತು ಇರುತ್ತದೆ. ಗಾಳಿಯ ಸಂಪರ್ಕದಿಂದ ಅದು ಕಂದು ಬಣ್ಣಕ್ಕೆ ತಿರುಗುವುದು ಸಹಜ, ಇದರಿಂದ ಹಾನಿಯಿಲ್ಲ. ತೇವ ಹಾಗೂ ಆಮ್ಲದ ಅಂಶ ಸೇರಿದಾಗ ಮಾತ್ರ ತಾಮ್ರದ ಲವಣಗಳು ಹಸಿರು ಕಿಲುಬಾಗಿ ಹೊರಬರುತ್ತವೆ. ಚರ್ಮದ ಪಟ್ಟಿಯಲ್ಲಿ ಸಿಕ್ಕಿಸಿಟ್ಟ ಕಾಡತೂಸುಗಳಿಗೆ ಕಿಲುಬು ಬೇಗನೆ ಹಿಡಿಯಲು ಚರ್ಮ ಹದಮಾಡುವಾಗ ಬಳಸಿದ ಆಮ್ಲಗಳೇ ಕಾರಣ. ಚರ್ಮದ ಪಟ್ಟಿ ಇರುವುದು ಹೊತ್ತೊಯ್ಯಲು, ದಾಸ್ತಾನು ಮಾಡಲು ಅಲ್ಲ.

ಕಣ್ಣಿಗೆ ಸುಲಭವಾಗಿ ಕಾಣದ ಇನ್ನೊಂದು ಹಾನಿಯೂ ಉಂಟು. 19ನೇ ಶತಮಾನದಲ್ಲಿ ಭಾರತದಲ್ಲಿದ್ದ ಬ್ರಿಟಿಷ್ ಸೇನೆಯು ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇರಿಸಿದ್ದ ಕಾಡತೂಸುಗಳ ಹಿತ್ತಾಳೆಯು ತಾನಾಗಿಯೇ ಸೀಳಿಹೋಗುತ್ತಿತ್ತು. ಮಳೆಗಾಲದ ನಂಟಿನಿಂದಾಗಿ ಇದಕ್ಕೆ ‘ಸೀಸನ್ ಕ್ರ್ಯಾಕಿಂಗ್’ ಎಂಬ ಹೆಸರು ಬಂದಿತು. ಕುದುರೆಗಳ ಮೂತ್ರದಿಂದ ಹೊರಬರುವ ಅಮೋನಿಯ, ಗಾಳಿಯ ತೇವ, ಹಾಗೂ ತಯಾರಿಕೆಯ ವೇಳೆ ಹಿತ್ತಾಳೆಯೊಳಗೆ ಉಳಿದ ಬಿಗಿತ, ಈ ಮೂರೂ ಕೂಡಿದಾಗ ಲೋಹ ಬಿರುಕು ಬಿಡುತ್ತದೆಂಬುದನ್ನು 1921ರಲ್ಲಿ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್ಸನ್ ಎಂಬ ಸಂಶೋಧಕರು ವಿವರಿಸಿದರು. ತಯಾರಿಕೆಯ ಕೊನೆಯಲ್ಲಿ ಹಿತ್ತಾಳೆಯನ್ನು ಹದವಾಗಿ ಕಾಯಿಸಿ ಬಿಗಿತವನ್ನು ತಗ್ಗಿಸುವ ಕ್ರಮದಿಂದ ಈ ದೋಷವು ಬಹುಮಟ್ಟಿಗೆ ನಿವಾರಣೆಯಾಗಿದೆ. ಆದರೂ ಮಲೆನಾಡು ಹಾಗೂ ಕೊಡಗಿನ ಮನೆಗಳಲ್ಲಿ ಈ ಸಂಗತಿ ಇಂದಿಗೂ ಅಪ್ರಸ್ತುತವಲ್ಲ. ಲಾಯದ ಸ್ಥಾನದಲ್ಲಿ ಕೊಟ್ಟಿಗೆ ಇದೆ, ಗೊಬ್ಬರದ ಮೂಟೆಗಳ ಗೋದಾಮು ಇದೆ. ಮಳೆಯಂತೂ ತಿಂಗಳುಗಟ್ಟಲೆ ಇರುತ್ತದೆ.

ಒಳಗಿನ ಮದ್ದು ಕೂಡ ಕಾಲಕ್ರಮೇಣ ಕೆಡುತ್ತದೆ. ಹೊಗೆರಹಿತ ಮದ್ದಿನ ಮೂಲವಸ್ತುವಾದ ನೈಟ್ರೋಸೆಲ್ಯುಲೋಸ್ ನಿಧಾನವಾಗಿ ವಿಘಟನೆಗೊಂಡು ಸಾರಜನಕದ ಆಕ್ಸೈಡುಗಳನ್ನು ಹೊರಬಿಡುತ್ತದೆ. ಇವನ್ನು ಹೀರಿಕೊಳ್ಳಲೆಂದೇ ಡೈಫೀನೈಲಮೀನ್‌ನಂತಹ ಸ್ಥಿರಕಾರಕವನ್ನು ಬೆರೆಸಲಾಗಿರುತ್ತದೆ. ಅದು ಮುಗಿದ ಬಳಿಕ ಆಮ್ಲವು ಮದ್ದನ್ನೂ ಹಿತ್ತಾಳೆಯನ್ನೂ ಒಳಗಿನಿಂದಲೇ ತಿನ್ನತೊಡಗುತ್ತದೆ. ಶಾಖ ಹೆಚ್ಚಿದಷ್ಟೂ ಈ ಕ್ರಿಯೆ ಚುರುಕಾಗುವುದರಿಂದ, ಬೆಚ್ಚಗಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಕಾಡತೂಸು ಇಡುವ ಪದ್ಧತಿಯು ತೇವವನ್ನು ತಪ್ಪಿಸಿದರೂ ಮದ್ದನ್ನು ಕೆಡಿಸುತ್ತದೆ.

ಪರಿಶೀಲನೆ

ಕೋವಿಯಿಂದ ದೂರದಲ್ಲಿ, ಹಗಲು ಬೆಳಕಿನಲ್ಲಿ, ಒಂದೊಂದೇ ಕಾಡತೂಸನ್ನು ಒಣ ಬಟ್ಟೆಯಿಂದ ಮೆಲ್ಲಗೆ ಒರೆಸಿ ನೋಡತಕ್ಕದ್ದು. ಬಟ್ಟೆಗೆ ಬಂದುಬಿಡುವ ತೆಳುವಾದ ಕಲೆ ಇದ್ದು, ಲೋಹ ನಯವಾಗಿದ್ದರೆ ಹಾನಿ ಮೇಲ್ಮೈಗೆ ಸೀಮಿತವಾಗಿದೆ ಎನ್ನಬಹುದು. ಒರೆಸಿದ ಬಳಿಕ ಗುಳಿಗಳು, ಗೆರೆಯಂತಹ ಬಿರುಕು ಅಥವಾ ತಾಮ್ರದಂತಹ ಕೆಂಪು ಮಚ್ಚೆಗಳು ಕಂಡರೆ, ಬುಡದ ನಡುವಿನ ಕ್ಯಾಪಿನ ಸುತ್ತ ಹಸಿರು ಕಟ್ಟಿದ್ದರೆ, ಅಥವಾ ಮೂಗಿಗೆ ಕಟುವಾದ ಆಮ್ಲದ ವಾಸನೆ ಬಂದರೆ, ಅದನ್ನು ಯಾವ ಕಾರಣಕ್ಕೂ ಬಳಸತಕ್ಕದ್ದಲ್ಲ. 12 ಬೋರಿನ ಹಳೆಯ ಕಾಗದದ ಕಾಡತೂಸುಗಳು ತೇವದಿಂದ ಊದಿಕೊಂಡು ನಳಿಗೆಯೊಳಗೆ ಸಲೀಸಾಗಿ ಇಳಿಯುವುದಿಲ್ಲ. ಒತ್ತಿ ತುರುಕುವುದು ಸಲ್ಲದು.

ಹಿತ್ತಾಳೆ ಪಾತ್ರೆಗೆ ಹುಣಸೆಹಣ್ಣು ಹಚ್ಚಿ ತಿಕ್ಕುವ ಅಭ್ಯಾಸ ಎಲ್ಲ ಮನೆಗಳಲ್ಲೂ ಇರುವುದರಿಂದ ಇಲ್ಲಿ ವಿಶೇಷ ಎಚ್ಚರಿಕೆ ಅಗತ್ಯ. ಹುಳಿನೀರು ಕ್ಯಾಪಿನ ಅಂಚಿನಿಂದ ಒಳಸೇರುತ್ತದೆ. ಅಮೋನಿಯ ಬೆರೆತ ಪಾಲಿಶ್ ದ್ರವಗಳು ಮೇಲೆ ವಿವರಿಸಿದ ಬಿರುಕಿಗೇ ದಾರಿ ಮಾಡುತ್ತವೆ. ಎಣ್ಣೆ ಹಚ್ಚಿದರೆ ಅದು ಕ್ಯಾಪಿನೊಳಗೆ ಇಳಿದು ಕಾಡತೂಸನ್ನು ನಿಷ್ಪ್ರಯೋಜಕಗೊಳಿಸಬಹುದು. ಮರಳು ಕಾಗದದಿಂದ ಉಜ್ಜಿದರೆ ಮೊದಲೇ ತೆಳುವಾದ ಗೋಡೆ ಇನ್ನಷ್ಟು ತೆಳುವಾಗುತ್ತದೆ. ಹೊಳಪು ಬಂದ ಕಾಡತೂಸು ಸುರಕ್ಷಿತವಾದುದೆಂದು ಭಾವಿಸಲಾಗದು. ಗೋಡೆ ಸೀಳಿದ ಕಾಡತೂಸನ್ನು ಹಾರಿಸಿದಾಗ ಕಾದ ಅನಿಲವು ಹಿಂದಕ್ಕೆ ನುಗ್ಗಿ ಹಾರಿಸುವವರ ಮುಖ ಹಾಗೂ ಕಣ್ಣಿಗೆ ಗಾಯ ಮಾಡಬಲ್ಲದು.

ಕುದುರೆ ಒತ್ತಿದರೂ ಗುಂಡು ಹಾರದಿದ್ದಲ್ಲಿ, ಕೂಡಲೇ ಕೋವಿ ಮುರಿಯದೆ, ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಕನಿಷ್ಠ 30 ಸೆಕೆಂಡು ಕಾಯತಕ್ಕದ್ದು. ಕೆಟ್ಟ ಮದ್ದು ತಡವಾಗಿ ಹೊತ್ತಿಕೊಳ್ಳುವುದುಂಟು. ಸದ್ದು ಕ್ಷೀಣವಾಗಿ ಬಂದರೆ ನಳಿಗೆಯಲ್ಲಿ ಏನಾದರೂ ಸಿಕ್ಕಿಕೊಂಡಿರಬಹುದಾದ್ದರಿಂದ, ಕೋವಿ ಖಾಲಿ ಮಾಡಿ ಪರೀಕ್ಷಿಸದೆ ಎರಡನೆಯ ಗುಂಡು ಹಾರಿಸಕೂಡದು.

ಒಪ್ಪಿಸುವ ಕ್ರಮ

ಪರವಾನಗಿಯ ಅವಧಿ ಮುಗಿದು ಅಥವಾ ಬೇರಾವುದೇ ಕಾರಣದಿಂದ ಮದ್ದುಗುಂಡನ್ನು ಹೊಂದಿರುವುದು ಕಾನೂನುಬದ್ಧವಲ್ಲದಂತಾದಲ್ಲಿ, ಅನಗತ್ಯ ವಿಳಂಬವಿಲ್ಲದೆ ಸಮೀಪದ ಪೊಲೀಸ್ ಠಾಣೆಯ ಪ್ರಭಾರಾಧಿಕಾರಿಯವರಲ್ಲಿ ಅಥವಾ ನಿಯಮಗಳಿಗೆ ಒಳಪಟ್ಟು ಪರವಾನಗಿ ಪಡೆದ ವ್ಯಾಪಾರಿಯಲ್ಲಿ ಠೇವಣಿ ಇರಿಸಬೇಕೆಂದು ಆಯುಧ ಅಧಿನಿಯಮ, 1959ರ 21ನೇ ಪ್ರಕರಣವು ವಿಧಿಸುತ್ತದೆ. ತಂದೆ ಅಥವಾ ಅಜ್ಜನವರ ಪೆಟ್ಟಿಗೆಯಲ್ಲಿ ಕಾಡತೂಸು ದೊರೆತ ವಾರಸುದಾರರು ಹೆದರಿ ಮುಚ್ಚಿಡುವ ಬದಲು ಈ ದಾರಿಯನ್ನು ಅನುಸರಿಸುವುದು ಸೂಕ್ತ. ಕೋವಿಯನ್ನು ಉಳಿಸಿಕೊಳ್ಳಲು ಇಚ್ಛಿಸುವವರು ಪ್ರತ್ಯೇಕವಾಗಿ ಪರವಾನಗಿ ಪ್ರಾಧಿಕಾರಕ್ಕೆ, ಅಂದರೆ ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಯವರಿಗೆ, ಕಮಿಷನರೇಟ್ ವ್ಯಾಪ್ತಿಯಲ್ಲಿ ಪೊಲೀಸ್ ಆಯುಕ್ತರಿಗೆ, ಅರ್ಜಿ ಸಲ್ಲಿಸಬಹುದು. ಕೊಡವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ನೀಡಲಾದ ವಿನಾಯಿತಿಯನ್ನು 2019ರಲ್ಲಿ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಲಾಗಿದೆ. ಕಾನೂನಿನ ವಿನಾಯಿತಿ ಕಿಲುಬಿಗೆ ಅನ್ವಯಿಸುವುದಿಲ್ಲವಾದ್ದರಿಂದ ಮೇಲ್ಕಂಡ ಎಚ್ಚರಿಕೆಗಳನ್ನು ಅವರೂ ಪಾಲಿಸುವುದು ಒಳಿತು.

ಠಾಣೆಗೆ ತೆರಳುವ ಮುನ್ನ ದೂರವಾಣಿಯ ಮೂಲಕ ತಿಳಿಸಿ, ಎಷ್ಟು ಕಾಡತೂಸುಗಳಿವೆ, ಯಾವ ಸ್ಥಿತಿಯಲ್ಲಿವೆ ಎಂಬುದನ್ನು ವಿವರಿಸುವುದು ಉತ್ತಮ. ಬಿರುಕು ಬಿಟ್ಟವನ್ನು ಅಥವಾ ವಾಸನೆ ಬರುವವನ್ನು ಇದ್ದಲ್ಲಿಯೇ ಬಿಟ್ಟು ಸಿಬ್ಬಂದಿಯ ಸೂಚನೆಗಾಗಿ ಕಾಯತಕ್ಕದ್ದು. ಒಪ್ಪಿಸಿದ ನಂತರ ಸಂಖ್ಯೆ ಮತ್ತು ಬೋರ್ ನಮೂದಿಸಿದ ಸ್ವೀಕೃತಿಯನ್ನು ಕೇಳಿ ಪಡೆದು, ಪರವಾನಗಿ ಪುಸ್ತಕದೊಂದಿಗೆ ಇರಿಸಿಕೊಳ್ಳತಕ್ಕದ್ದು. ಬೆಂಕಿಗೆ ಹಾಕಿದ ಕಾಡತೂಸು ಸಿಡಿದು ಲೋಹದ ಚೂರುಗಳು ಹಾರುತ್ತವೆ. ನೆಲದಲ್ಲಿ ಹೂತದ್ದು ಮುಂದೊಂದು ದಿನ ಮಕ್ಕಳ ಕೈಗೆ ಸಿಗುತ್ತದೆ. ಕೋವಿಯ ಕಾಡತೂಸಲ್ಲದ, ಶೆಲ್ ಅಥವಾ ಬಾಂಬಿನಂತೆ ಕಾಣುವ ವಸ್ತು ದೊರೆತರೆ ಮುಟ್ಟದೆ, ಇತರರನ್ನು ದೂರವಿರಿಸಿ 112ಕ್ಕೆ ಕರೆ ಮಾಡತಕ್ಕದ್ದು.

ಉತ್ತಮ ಸ್ಥಿತಿಯಲ್ಲಿರುವ ಕಾಡತೂಸುಗಳನ್ನು ತಯಾರಕರ ಮೂಲ ಪೊಟ್ಟಣದಲ್ಲಿಯೇ, ಸಿಲಿಕಾ ಜೆಲ್ ಚೀಲದೊಡನೆ ಗಾಳಿಯಾಡದ ಡಬ್ಬಿಯಲ್ಲಿರಿಸಿ, ಕೋವಿಯಿಂದ ಬೇರೆಯಾಗಿ ಬೀಗ ಹಾಕಿ, ತಂಪಾದ ಒಣ ಕೋಣೆಯಲ್ಲಿ ಇಡುವುದು. ಪೊಟ್ಟಣದ ಮೇಲೆ ಖರೀದಿಸಿದ ವರ್ಷವನ್ನು ಬರೆದಿಟ್ಟರೆ ಹಳೆಯವನ್ನು ಮೊದಲು ಬಳಸಲು ಅನುಕೂಲ. ಮಳೆಗಾಲಕ್ಕೆ ಮುನ್ನ ಒಮ್ಮೆ, ಮುಗಿದ ಬಳಿಕ ಒಮ್ಮೆ ಡಬ್ಬಿ ತೆರೆದು ನೋಡಿದರೆ ಸಾಕು.