ಹೆಸರಿಲ್ಲವೋ, ಹೇಳುವವರಿಲ್ಲವೋ?

ಅಂತರ್ಜಾಲದಲ್ಲಿ ತಾಣವೊಂದರ ಹೆಸರನ್ನು ಬರೆದಾಗ 'ತಾಣವು ದೊರೆಯಲಿಲ್ಲ' ಎಂಬ ಮಾತು ತೆರೆಯ ಮೇಲೆ ಮೂಡುವುದನ್ನು ವಾಚಕರು ಕಂಡೇ ಇರುವರು. ಕಾಲೇಜಿಗೆ ಅರ್ಜಿ ಸಲ್ಲಿಸುವ ಕಡೆಯ ದಿನ ಹೀಗಾದರೆ ವಿದ್ಯಾರ್ಥಿಯ ಪಾಡು ಹೇಳತೀರದು. ತಪ್ಪು ತನ್ನದೋ, ಕಾಲೇಜಿನದೋ, ನಡುವಿನವರದೋ? ಇದಕ್ಕೆ ಉತ್ತರವು ಬಹುಮಟ್ಟಿಗೆ ಒಂದು ಸಣ್ಣ ಅಂಕಿಯಲ್ಲಿ ಅಡಗಿದೆ.

ಗಣಕಗಳು ಒಂದನ್ನೊಂದು ಅರಸುವುದು ಅಂಕಿಗಳ ವಿಳಾಸದಿಂದ; ನಮಗೆ ನೆನಪಿರುವುದು ಹೆಸರು. ಹೆಸರಿನಿಂದ ವಿಳಾಸವನ್ನು ತಿಳಿಸುವ ವ್ಯವಸ್ಥೆಯೇ ಡಿ.ಎನ್.ಎಸ್. ಅಮೆರಿಕದ ಪಾಲ್ ಮೊಕಪೆಟ್ರಿಸ್ ಅವರು 1983ರಲ್ಲಿ ಇದನ್ನು ರೂಪಿಸಿದರು. ನಮ್ಮ ಪರವಾಗಿ ವಿಚಾರಿಸುವ ಸರ್ವರಿಗೆ ರಿಸಾಲ್ವರ್ ಎಂದು ಹೆಸರು. ಅದು ಮೊದಲು ಮೂಲ ಸರ್ವರನ್ನೂ, ಬಳಿಕ '.ಇನ್', '.ಕಾಂ' ಮೊದಲಾದ ವರ್ಗಗಳ ಸರ್ವರನ್ನೂ, ಕಡೆಗೆ ಆ ತಾಣದ ಅಧಿಕೃತ ಸರ್ವರನ್ನೂ ಕೇಳಿ ಉತ್ತರವನ್ನು ತರುತ್ತದೆ. ಉತ್ತರದ ತಲೆಭಾಗದಲ್ಲಿ ನಾಲ್ಕು ಬಿಟ್‌ಗಳಷ್ಟು ಸ್ಥಳವಿದ್ದು, ಫಲವೇನಾಯಿತೆಂಬುದನ್ನು ಅಲ್ಲಿ ಅಂಕಿಯಾಗಿ ಬರೆದಿರುತ್ತದೆ.

0 ಎಂದರೆ ದೋಷವಿಲ್ಲ. 1 ಎಂದರೆ ಪ್ರಶ್ನೆಯ ರೂಪವೇ ಸರಿಯಿಲ್ಲ. 5 ಎಂದರೆ ಸರ್ವರು ಉತ್ತರಿಸಲು ಒಪ್ಪಲಿಲ್ಲ. ಜನರು ಒಂದೆಂದು ಭ್ರಮಿಸುವುದು 2 ಮತ್ತು 3ನ್ನು. 'ಆ ಹೆಸರಿನವರು ಈ ಊರಿನಲ್ಲಿಲ್ಲ' ಎಂದು ಊರವರೇ ಖಚಿತವಾಗಿ ಹೇಳಿದರೆ ಅದು 3, ಅಂದರೆ ಎನ್‌ಎಕ್ಸ್‌ಡೊಮೈನ್. 'ವಿಚಾರಿಸಲು ಹೋದೆ, ಹೇಳುವವರೇ ಸಿಗಲಿಲ್ಲ' ಎಂದು ದೂತನು ಮರಳಿದರೆ ಅದು 2, ಅಂದರೆ ಸರ್ವ್‌ಫೇಲ್.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸುಮಾರು ಆರು ಗಂಟೆಗಳ ಕಾಲ ಕಾಣದಾಯಿತಷ್ಟೆ. ದುರಸ್ತಿಯ ವೇಳೆ ಕೊಟ್ಟ ಒಂದು ಆಜ್ಞೆಯಿಂದ ಆ ಸಂಸ್ಥೆಯ ಒಳಜಾಲವು ಕಡಿದುಹೋಯಿತು, ಅದರ ಡಿ.ಎನ್.ಎಸ್. ಸರ್ವರುಗಳು ತಮ್ಮನ್ನು ತಲಪುವ ದಾರಿಯ ಘೋಷಣೆಯನ್ನೇ ಹಿಂತೆಗೆದುಕೊಂಡವು. ಹೆಸರು ಅಳಿದಿರಲಿಲ್ಲ, '.ಕಾಂ' ಸರ್ವರುಗಳು ಎಂದಿನಂತೆ ದಾರಿ ತೋರುತ್ತಿದ್ದವು; ಆದರೆ ದಾರಿಯ ಕೊನೆಯಲ್ಲಿ ಉತ್ತರಿಸುವವರಿಲ್ಲ. ಲೋಕದ ರಿಸಾಲ್ವರುಗಳು 2 ಎಂದೇ ಹೇಳಿದವು, ಸರಿಯಾಗಿಯೇ ಹೇಳಿದವು.

ಈಗ ನಮ್ಮ ವಿದ್ಯಾರ್ಥಿಯ ಕಡೆಗೆ ಬರೋಣ. ಅವನು 'ಎನ್‌ಎಸ್‌ಲುಕಪ್' ಎಂಬ ಆಜ್ಞೆಯ ಮುಂದೆ ತಾಣದ ಹೆಸರನ್ನು ಬರೆದು ಕೇಳಲಿ. 3 ಬಂದರೆ ಮೊದಲು ಕಾಗುಣಿತವನ್ನು ನೋಡಬೇಕು. ಒಂದಕ್ಷರ ತಪ್ಪಿದರೂ ಅದು ಬೇರೊಂದು ಹೆಸರು. ಹೆಸರು ಹೊಸದಾಗಿ ನೋಂದಣಿಯಾಗಿದ್ದರೆ ಕೊಂಚ ಕಾಯಬೇಕು. ರಿಸಾಲ್ವರು 'ಇಲ್ಲ' ಎಂಬುದನ್ನೂ ಗೊತ್ತಾದ ಅವಧಿಯವರೆಗೆ ನೆನಪಿಟ್ಟುಕೊಳ್ಳುತ್ತದೆ.

2 ಬಂದರೆ ಅದೇ ಪ್ರಶ್ನೆಯನ್ನು ಇನ್ನೊಂದು ರಿಸಾಲ್ವರಿಗೆ ಹಾಕಬೇಕು. ಅಲ್ಲಿ ಉತ್ತರ ದೊರೆತರೆ ದೋಷವು ಪ್ರಾಯಶಃ ಮೊದಲನೆಯದರದು. ಎಲ್ಲೆಡೆಯೂ 2 ಆದರೆ ತಾಣದವರ ಸರ್ವರನ್ನೇ ಶಂಕಿಸಬೇಕು. ಉತ್ತರಕ್ಕೆ ಹಾಕಿದ ಡಿಜಿಟಲ್ ಸಹಿ ತಾಳೆಯಾಗದಿದ್ದರೂ 2 ಬರುವುದುಂಟು. ಸಹಿಯ ಪರೀಕ್ಷೆ ಬೇಡವೆಂದು ಸೂಚಿಸಿ ಕೇಳಿದಾಗ ವಿಳಾಸ ಬಂದರೆ ಗುಟ್ಟು ಬಯಲಾಯಿತು. ಇದು ಪರೀಕ್ಷೆಗಾಗಿ ಮಾತ್ರ. ಸಹಿ ನೋಡದೆ ವ್ಯವಹರಿಸುವುದು ಜಾಣತನವಲ್ಲ.

0 ಬಂದೂ ವಿಳಾಸವಿಲ್ಲದಿರುವುದುಂಟು: ಹೆಸರಿದೆ, ಕೇಳಿದ ಬಗೆಯ ವಿಳಾಸ ಮಾತ್ರ ಇಲ್ಲ. ಅಂಕಿಯೇ ಬಾರದೆ ಮೌನವಾಗಿದ್ದರೆ ಪ್ರಶ್ನೆಯೋ ಉತ್ತರವೋ ದಾರಿಯಲ್ಲೇ ಕಳೆದಿದೆ. ಆಗ ನೋಡಬೇಕಾದುದು ಸಂಪರ್ಕವನ್ನು.

ಎಲ್ಲೆಡೆಯೂ 2 ಕಂಡ ವಿದ್ಯಾರ್ಥಿಯು ತನ್ನ ಗಣಕವನ್ನು ಮತ್ತೆ ಮತ್ತೆ ಆರಿಸಿ ಹೊತ್ತಿಸುವುದರಲ್ಲಿ ಹೊತ್ತು ಕಳೆಯದೆ, ಆ ಅಂಕಿಯನ್ನೂ ಕಂಡ ವೇಳೆಯನ್ನೂ ಬರೆದುಕೊಂಡು ಕಾಲೇಜಿನ ಕಚೇರಿಗೆ ದೂರವಾಣಿಯಲ್ಲಿ ತಿಳಿಸಲಿ.