ಮುಚ್ಚಿಕೊಳ್ಳುವುದೇ ಕಾವಲು

ಗಾಯಕ್ಕೆ ನಿಂಬೆರಸ ತಗುಲಿದೊಡನೆ ಉರಿಯುವುದು ಎಲ್ಲರ ಅನುಭವ. ಆಮ್ಲದ ಈ ಸುದ್ದಿಯನ್ನು ನರಕ್ಕೆ ಮುಟ್ಟಿಸುವಲ್ಲಿ ಜೀವಕೋಶದ ಪೊರೆಯಲ್ಲಿರುವ ಅತಿಸೂಕ್ಷ್ಮ ಪ್ರೋಟೀನ್ ದ್ವಾರಗಳಿಗೂ ಪಾಲುಂಟು. ಇವುಗಳಿಗೆ ಆಮ್ಲಸಂವೇದಿ ಅಯಾನು ನಾಳಗಳೆಂದು ಹೆಸರು.

ಕೋಶದ ಹೊರಗಿನ ದ್ರವದ ಪಿ.ಎಚ್. ಮೌಲ್ಯ ಸಾಮಾನ್ಯವಾಗಿ ಸುಮಾರು 7.4. ಅದು ಥಟ್ಟನೆ 7ರ ಕೆಳಗಿಳಿದಾಗ, ಎಂದರೆ ಆಮ್ಲತೆ ಹೆಚ್ಚಿದಾಗ, ನಾಳ ತೆರೆದು ಸೋಡಿಯಂ ಒಳನುಗ್ಗುತ್ತದೆ. ಆದರೆ ಆಮ್ಲ ಹಾಗೆಯೇ ಉಳಿದಿದ್ದರೂ ಮಿದುಳಿನ ಮುಖ್ಯ ನಾಳವು ಕೆಲವೇ ಸೆಕೆಂಡುಗಳಲ್ಲಿ ತಾನಾಗಿ ಮುಚ್ಚಿಕೊಂಡು ಜಡವಾಗುತ್ತದೆ. ಆಮ್ಲತೆ ತಗ್ಗಿ ನಾಳ ಚೇತರಿಸಿಕೊಳ್ಳುವ ತನಕ ಹೊಸ ಆಮ್ಲಕ್ಕೂ ಅದು ಓಗೊಡದು.

ಈ ಜಡತೆ ದೋಷವಲ್ಲ, ರಕ್ಷೆ. ಪಾರ್ಶ್ವವಾಯು ತಗುಲಿದಾಗ ಮಿದುಳಿನಲ್ಲಿ ರಕ್ತ ತಲುಪದ ಭಾಗ ಆಮ್ಲಮಯವಾಗುತ್ತದೆ. ಆಮ್ಲಜನಕವಿಲ್ಲದೆ ಬಳಲಿದ ನರಕೋಶದಲ್ಲಿ ನಾಳ ಬೇಗ ಮುಚ್ಚದು. ಕ್ಯಾಲ್ಸಿಯಂ ನುಗ್ಗಿ ಕೋಶ ಸಾಯಬಹುದು. ಟರಾಂಟುಲಾ ಎಂಬ ದೊಡ್ಡ ಜೇಡದ ವಿಷದಲ್ಲಿರುವ ಒಂದು ಪೆಪ್ಟೈಡ್ ಈ ನಾಳವನ್ನು ಮೊದಲೇ ಜಡಗೊಳಿಸುತ್ತದೆ. ಆ ವಿಷ ಪಡೆದ ಇಲಿಗಳ ಮಿದುಳಿಗೆ ಹಾನಿ ಕಡಿಮೆಯಾದುದನ್ನು 2004ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.

ಮನೆಯ ಹಿರಿಯರಲ್ಲಿ ಮುಖ ಓರೆಯಾಗುವುದು, ಕೈ ಸೋಲುವುದು, ಮಾತು ತೊದಲುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕೆಂಬ ಮಾತಿನ ಹಿಂದೆ, ಕಣ್ಣಿಗೆ ಕಾಣದ ಈ ಬಾಗಿಲುಗಳ ಕಥೆಯೂ ಇದೆ.