ಬಿರುಕಿನೊಳಗಿನ ನೀರು

ಸವದತ್ತಿ ಸೀಮೆಯ ನೆಲದಡಿ ಹೊಳೆಯೇನೂ ಹರಿಯುತ್ತಿಲ್ಲ. ಎಲ್ಲಮ್ಮನ ಗುಡ್ಡದ ಸಾಲು ಕಲಾದಗಿ ಶಿಲಾಸರಣಿಯ ಗಟ್ಟಿ ಮರಳುಗಲ್ಲು. ಮಲಪ್ರಭೆ ಅದನ್ನು ಸೀಳಿಕೊಂಡೇ ನವಿಲುತೀರ್ಥದಲ್ಲಿ ಹೊರಬೀಳುತ್ತದೆ. ಬೈಲಹೊಂಗಲದ ಕಡೆ ಹೋದರೆ ಲಾವಾ ಆರಿ ಆದ ಕರಿಗಲ್ಲು ಸಿಗುತ್ತದೆ. ಯಾವ ಕಲ್ಲಾದರೂ ನೀರು ನಿಲ್ಲುವುದು ಮೇಲಿನ ಸಡಿಲ ಪದರದಲ್ಲಿ, ಕೆಳಗಿನ ಬಿರುಕುಗಳಲ್ಲಿ.

ಬೋರು ಕೊರೆಯುವಲ್ಲಿ ನಿಂತವರಿಗೆ ಇದು ಕಣ್ಣಾರೆ ಕಾಣುತ್ತದೆ. ಮೊದಲು ಮಣ್ಣು, ಆಮೇಲೆ ಪುಡಿಗಲ್ಲು. ಅಲ್ಲಿವರೆಗೆ ಕೇಸಿಂಗ್ ಪೈಪು ಇಳಿಯುತ್ತದೆ. ಆಮೇಲೆ ಕಲ್ಲಿನ ಒಣಹುಡಿ ಹೊಗೆಯಂತೆ ಏಳುತ್ತಲೇ ಇರುತ್ತದೆ. ಬಿರುಕು ಸಿಕ್ಕ ಕ್ಷಣ ಹುಡಿ ಹಸಿಯಾಗಿ, ಕೆಸರು ಚಿಮ್ಮುತ್ತದೆ. ಸಿಗದಿದ್ದರೆ ಆರುನೂರು ಅಡಿಯಲ್ಲೂ ಬರೀ ಹುಡಿ. ಇಪ್ಪತ್ತು ಮಾರು ಆಚೆ ಕೊರೆಸಿದವನಿಗೆ ನೀರು ಬಂದಿರಬಹುದು, ಅದು ಅದೃಷ್ಟವಲ್ಲ, ಬಿರುಕಿನ ದಿಕ್ಕು.

ಲೆಕ್ಕ ಹಾಕಿದರೆ ಈ ಉಗ್ರಾಣ ಎಷ್ಟು ತೆಳುವೆಂಬುದು ತಿಳಿಯುತ್ತದೆ. ಇಲ್ಲಿಯ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು. ಗಟ್ಟಿ ಶಿಲೆಯ ನೆಲದಲ್ಲಿ ಅದರ ಹತ್ತನೇ ಒಂದು ಪಾಲು ಇಂಗುವುದೂ ಕಷ್ಟ. ಶೇ. 8 ಎಂದು ಹಿಡಿದರೆ ಎಕರೆಗೆ ಸುಮಾರು 1.9 ಲಕ್ಷ ಲೀಟರು. ಒಂದು ಎಕರೆ ಕಬ್ಬಿಗೆ ವರ್ಷಕ್ಕೆ ಕಡಿಮೆಯೆಂದರೂ 60 ಲಕ್ಷ ಲೀಟರು ಬೇಕು. ಮಳೆಯ ಪಾಲು ಕಳೆದರೂ 40 ಲಕ್ಷ ಉಳಿಯುತ್ತದೆ. ಅಂದರೆ ಇಪ್ಪತ್ತು ಎಕರೆಯಲ್ಲಿ ಇಂಗಿದ್ದನ್ನು ಒಂದೇ ಎಕರೆ ಕುಡಿಯುತ್ತದೆ. ಎರಿ ಹೊಲದ ಹಿಂಗಾರಿ ಬಿಳಿಜೋಳವಾದರೋ ಮಣ್ಣಿನ ಹಸಿಯಲ್ಲೇ ಬೆಳೆದು ತೆನೆ ಬಿಡುತ್ತದೆ.

2008ರಿಂದ 10 ಎಚ್‌.ಪಿ.ವರೆಗಿನ ಪಂಪ್‌ಸೆಟ್ಟುಗಳಿಗೆ ಕರ್ನಾಟಕದಲ್ಲಿ ವಿದ್ಯುತ್ ಉಚಿತ. ಬರದ ಬೇಸಾಯಕ್ಕೆ ಅದು ಆಸರೆ, ನಿಜ. ಆದರೆ ಎತ್ತುವ ನೀರಿಗೆ ತಡೆಯೊಡ್ಡುತ್ತಿದ್ದ ಕೊನೆಯ ಖರ್ಚೂ ಅದರೊಂದಿಗೆ ಹೋಯಿತು. ಇತ್ತ ಮಲಪ್ರಭಾ ಕಾಲುವೆಯಡಿಯ ಎರಿ ಭೂಮಿಯಲ್ಲಿ ತೊಂದರೆ ತಿರುವುಮುರುವು: ನೀರು ಏರಿ, ಜವಳು ಹಿಡಿದು, ಉಪ್ಪು ಬಿಳಿಯಾಗಿ ಮೇಲೇಳುತ್ತದೆ. ಹೀಗಾಗಿ ಇಡೀ ಸೀಮೆಗೆ ಒಂದೇ ಮದ್ದು ಎಂಬುದು ನಡೆಯದು.

ಕಾನೂನಿನ ತೊಡಕು ಹಳೆಯದು. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ, ತನ್ನ ಹೊಲದಡಿಯ ನೀರನ್ನು ಎತ್ತುವುದು ಭೂಮಾಲೀಕನ ಹಕ್ಕು. ಬಿರುಕಿಗೆ ಹೊಲದ ಬದು ಗೊತ್ತೇ? ಇಸ್ರೇಲ್ 1959ರಲ್ಲಿ, ಸ್ಪೇನ್ 1985ರಲ್ಲಿ ಅಂತರ್ಜಲವನ್ನು ಸಾರ್ವಜನಿಕ ಸ್ವತ್ತೆಂದು ಸಾರಿದವು. ಅಮೆರಿಕದ ಕ್ಯಾಲಿಫೋರ್ನಿಯಾ 2014ರ ಕಾಯ್ದೆಯಲ್ಲಿ, ಎತ್ತುವಿಕೆ ಮತ್ತು ಮರುಪೂರಣವನ್ನು ಸರಿದೂಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ಕೊಟ್ಟಿತು. ಕರ್ನಾಟಕದ 2011ರ ಕಾಯ್ದೆ, ಅಧಿಸೂಚಿತ ಪ್ರದೇಶಗಳಲ್ಲಿ ಬಾವಿ ಕೊರೆಸಲು ಅನುಮತಿ ಬೇಕೆನ್ನುತ್ತದೆ. ಆದರೆ ಊರೂರಿನ ಕೊರೆತವನ್ನು ಕಚೇರಿಯೊಂದೇ ಕಾಯುವುದು ಆಗದ ಮಾತು.

ಮಹಾರಾಷ್ಟ್ರದ ಹಿವರೆ ಬಜಾರ್ ಬೇರೆ ದಾರಿ ಹಿಡಿಯಿತು. ಗುಡ್ಡದಲ್ಲಿ ಕಂದಕ ತೋಡಿ ಮಳೆನೀರು ಇಂಗಿಸಿದ ಆ ಊರು, ಅಲ್ಲಿಗೇ ನಿಲ್ಲಲಿಲ್ಲ: ನೀರಾವರಿಗೆ ಬೋರು ಬೇಡ, ಕಬ್ಬು ಬೇಡ ಎಂದು ಗ್ರಾಮಸಭೆಯಲ್ಲೇ ಕಟ್ಟುಮಾಡಿಕೊಂಡಿತು, ಆ ವರ್ಷದ ಮಳೆ ನೋಡಿ ಬೆಳೆ ನಿಶ್ಚಯಿಸುವುದು ಅಲ್ಲಿಯ ರೂಢಿ. ಸವದತ್ತಿ, ರಾಮದುರ್ಗಗಳಲ್ಲೂ ಒಡ್ಡು, ಕೃಷಿ ಹೊಂಡ, ಚೆಕ್‌ಡ್ಯಾಂ ಇವೆ. ಇಂಗಿಸಿದ್ದನ್ನು ಇನ್ನಷ್ಟು ಬೋರುಗಳು ಎತ್ತಿಬಿಟ್ಟರೆ ಅವುಗಳ ಫಲ ಹೊಲಕ್ಕೆ ಕಾಣದು.

ನೀರಿನ ಗುಣದ ಮಾತೂ ಇದೆ. ಮರಳು ಸೋಸುವಂತೆ ಬಿರುಕು ಸೋಸುವುದಿಲ್ಲ; ತಿಪ್ಪೆಯ ರಸ, ಗೊಬ್ಬರದ ನೈಟ್ರೇಟು ನೇರ ಇಳಿಯುತ್ತವೆ. ಕುಡಿಯುವ ನೀರಿನಲ್ಲಿ ನೈಟ್ರೇಟು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಬತ್ತಿ ಪಾಳುಬಿದ್ದ ಬೋರಂತೂ ಕೊಳೆಗೆ ತೆರೆದ ಕೊಳವೆ. ಮಕ್ಕಳು ಅದರಲ್ಲಿ ಬೀಳುವ ಅಪಾಯ ಕಂಡು, ಬಾಯಿ ಮುಚ್ಚದೆ ಬಿಟ್ಟವರಿಗೆ ಶಿಕ್ಷೆ ವಿಧಿಸಲು 2024ರಲ್ಲಿ ರಾಜ್ಯದ ಕಾಯ್ದೆಗೆ ತಿದ್ದುಪಡಿ ತರಲಾಯಿತು. ಮುಚ್ಚಿದ ಬೋರಿನಿಂದ ಕೆಳಗಿನ ನೀರಿಗೂ ರಕ್ಷಣೆ ಸಿಗುತ್ತದೆ.